ಮೊದಲು ಊಟವನ್ನು ನಿಶ್ಚಯಿಸಿ, ಆಮೇಲೆ ಬೆಟ್ಟವನ್ನು ಹುಡುಕಿ

ನಮಸ್ಕಾರ. ಇವತ್ತಿನ ಸಂಚಿಕೆಯಲ್ಲಿ ನಾನು ಚಾರಣದ ಬೂಟುಗಳ ಬಗ್ಗೆ ಮಾತನಾಡಬೇಕಿತ್ತು. ಅದಕ್ಕಾಗಿ ಬರೆದಿಟ್ಟ ನಾಲ್ಕು ಹಾಳೆಗಳು ಮೇಜಿನ ಮೇಲೆ ಇನ್ನೂ ಹಾಗೆಯೇ ಇವೆ. ಆದರೆ ಕಳೆದ ಸಂಚಿಕೆಯ ಕೆಳಗೆ ಒಬ್ಬ ಮಹನೀಯರು ಬರೆದ ಮಾತನ್ನು ಓದಿದ ಮೇಲೆ ಬೂಟಿನ ವಿಷಯ ನನ್ನ ತಲೆಯಿಂದ ಹೊರಟೇ ಹೋಯಿತು. ಅವರು ಬರೆದದ್ದನ್ನು ಇದ್ದ ಹಾಗೆಯೇ ಓದುತ್ತೇನೆ. “ಸಾರ್, ನೀವು ಮಾತನಾಡುವುದು ಚಾರಣದ ಬಗ್ಗೆಯೋ, ಅಡುಗೆಯ ಬಗ್ಗೆಯೋ? ಬೆಟ್ಟ ಹತ್ತುವವನಿಗೆ ಎರಡು ಪ್ಯಾಕೆಟ್ ಬಿಸ್ಕತ್ತು ಸಾಕು. ಊಟ ಬೇಕಾದವರು ಹೋಟೆಲಿಗೆ ಹೋಗಲಿ.” ಈ ಮಾತಿಗೆ ಬಂದ ಮೆಚ್ಚುಗೆಗಳು ನನ್ನ ಸಂಚಿಕೆಗೆ ಬಂದ ಮೆಚ್ಚುಗೆಗಳಿಗಿಂತ ಹೆಚ್ಚು ಎಂಬುದನ್ನು ನಮ್ಮ ಸಂಕಲನಕಾರ ಹುಡುಗ ಬಹಳ ಸಂತೋಷದಿಂದ ನನಗೆ ತೋರಿಸಿದ.

ಹಾಗಾಗಿ ನನ್ನ ವಾದವನ್ನು ಈ ಮಂಗಳೂರಿನ ಕೋಣೆಯಲ್ಲಿ, ಫ್ಯಾನನ್ನು ನಿಲ್ಲಿಸಿ, ಬೆವರುತ್ತಾ ಮತ್ತೊಮ್ಮೆ ಮಂಡಿಸುತ್ತೇನೆ. ಪಶ್ಚಿಮ ಘಟ್ಟದಲ್ಲಿ ಚಾರಣಕ್ಕೆ ಹೊರಡುವವರು ಮೊದಲು ನಿಶ್ಚಯಿಸಬೇಕಾದದ್ದು ಶಿಖರವನ್ನಲ್ಲ, ಊಟವನ್ನು. ಯಾವ ಮನೆಯಲ್ಲಿ, ಎಷ್ಟು ಗಂಟೆಗೆ, ಏನನ್ನು ಉಣ್ಣುತ್ತೇವೆ ಎಂಬುದು ಗೊತ್ತಾದರೆ ಉಳಿದ ಲೆಕ್ಕವೆಲ್ಲ ತಾನಾಗಿ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ.

ಕುಮಾರ ಪರ್ವತವನ್ನೇ ತೆಗೆದುಕೊಳ್ಳಿ. ಅದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತುವವನು ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ಕಾಲಿನಲ್ಲಿ ತೀರಿಸಬೇಕಾಗುತ್ತದೆ. ಮೊದಲ ಪಾಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲುಗಳು, ಗಾಳಿಯೇ ಇಲ್ಲದ ಸೆಕೆ. ಆ ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವಲ್ಲಿ ಗಿರಿಗದ್ದೆಯ ಭಟ್ಟರ ಮನೆ ಬರುತ್ತದೆ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ತಪಾಸಣೆ, ಕಲ್ಲು ಮಂಟಪ, ಶೇಷ ಪರ್ವತ, ಅದರಾಚೆ ಕುಮಾರ ಪರ್ವತ. ಈ ದಾರಿಯನ್ನು ಹತ್ತಿ ಬಂದ ಯಾರನ್ನಾದರೂ ಹತ್ತು ವರ್ಷಗಳ ನಂತರ ಕೇಳಿ ನೋಡಿ. ಶೇಷ ಪರ್ವತದ ಮೇಲೆ ಮೋಡ ಇತ್ತೋ ಬಿಸಿಲು ಇತ್ತೋ ಎಂಬುದನ್ನು ಅವರು ಮರೆತಿರುತ್ತಾರೆ. ಭಟ್ಟರ ಮನೆಯ ಜಗಲಿಯಲ್ಲಿ ಅನ್ನಕ್ಕೆ ಸಾಂಬಾರು ಬಿದ್ದದ್ದನ್ನು, ಕೊನೆಗೆ ಬಂದ ಮಜ್ಜಿಗೆಯನ್ನು ಮರೆತವರನ್ನು ಮಾತ್ರ ನಾನು ಇದುವರೆಗೆ ಕಂಡಿಲ್ಲ. ಅವರಲ್ಲಿ ಅನೇಕರು ಶಿಖರವನ್ನು ತಲುಪಿಯೇ ಇರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಆ ಅನೇಕರಲ್ಲಿ ಮೊದಲ ಸಲ ನಾನೂ ಇದ್ದೆ.

ಇನ್ನು ಬಿಸ್ಕತ್ತಿನ ವಿಚಾರ. ಬೆವರಿನಲ್ಲಿ ಹೋಗುವುದು ನೀರು ಮತ್ತು ಉಪ್ಪು. ಸಿಹಿ ಬಿಸ್ಕತ್ತು ಬಾಯಿಯಲ್ಲಿ ಇದ್ದ ಒಂದಿಷ್ಟು ಪಸೆಯನ್ನೂ ಹೀರಿಕೊಂಡು ಗಂಟಲಲ್ಲಿ ಕುಳಿತುಕೊಳ್ಳುತ್ತದೆ. ಅದೇ ಕುಚ್ಚಲಕ್ಕಿ ಗಂಜಿಯನ್ನು ನೋಡಿ. ಅಕ್ಕಿ ಬೆಂದ ತಿಳಿ ಅದರಲ್ಲೇ ಇದೆ, ಒಂದು ಚಿಟಿಕೆ ಕಲ್ಲುಪ್ಪು ಬೀಳುತ್ತದೆ, ಪಕ್ಕದಲ್ಲಿ ಮಿಡಿ ಉಪ್ಪಿನಕಾಯಿಯ ಒಂದು ಹೋಳು, ಸುಟ್ಟ ಒಣಮೆಣಸು ಹಾಕಿ ಅರೆದ ತೆಂಗಿನಕಾಯಿ ಚಟ್ನಿ. ನೀರು, ಉಪ್ಪು, ಹುಳಿ, ಖಾರ, ಅನ್ನ ಎಲ್ಲವೂ ಒಂದೇ ಬಟ್ಟಲಿನಲ್ಲಿ ಸಿಗುತ್ತವೆ. ಇದನ್ನೇ ಯಾರಾದರೂ ಬಣ್ಣದ ಪೊಟ್ಟಣದಲ್ಲಿ ತುಂಬಿ, ಓಡುವ ಮನುಷ್ಯನ ಚಿತ್ರ ಹಾಕಿ ಮಾರಿದರೆ ನಮ್ಮ ಮಹನೀಯರು ಮೂರು ಪೊಟ್ಟಣಗಳನ್ನು ತರಿಸಿಕೊಳ್ಳುತ್ತಿದ್ದರು. ಚೀಲದಲ್ಲಿ ಒಂದು ಎನರ್ಜಿ ಬಾರ್ ಇರಲಿ, ದಾರಿ ತಪ್ಪಿದ ದಿನಕ್ಕೆ ಬೇಕಾಗುತ್ತದೆ. ದಾರಿ ತಪ್ಪದ ದಿನವೂ ಅದನ್ನೇ ತಿನ್ನುವವರ ಬಗ್ಗೆ ನನಗೆ ಅನುಕಂಪವಿದೆ.

ಮೊದಲು ಊಟ, ಆಮೇಲೆ ಬೆಟ್ಟ. ಇದನ್ನು ನಾನು ಎರಡನೆಯ ಸಲ ಹೇಳುತ್ತಿದ್ದೇನೆ, ಮತ್ತೆಯೂ ಹೇಳುವವನಿದ್ದೇನೆ.

ಕುದುರೆಮುಖಕ್ಕೆ ಹೋಗುವ ಲೆಕ್ಕವನ್ನು ಹಾಕಿ ತೋರಿಸುತ್ತೇನೆ. ಶಿಖರದ ಎತ್ತರ ಸುಮಾರು 1,890 ಮೀಟರ್. ಕಳಸದ ಕಡೆಯ ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿಲೋಮೀಟರ್ ನಡಿಗೆ. ಅದು ರಾಷ್ಟ್ರೀಯ ಉದ್ಯಾನ, ಆದ್ದರಿಂದ ಮೇಲೆ ಡೇರೆ ಹಾಕುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಸಂಜೆಯೊಳಗೆ ಇಳಿದು ಬರಲೇಬೇಕು. ಅಂದರೆ ಬಿಸಿ ಊಟ ಸಿಗುವುದು ಇಳಿದ ಮೇಲೆ, ಮಧ್ಯಾಹ್ನ ಮೂರರ ನಂತರ. ಹಾಗಿದ್ದರೆ ಬೆಳಿಗ್ಗೆ ಹೊಟ್ಟೆಗೆ ಏನು? ಉಳಿದುಕೊಂಡ ಮನೆಯಲ್ಲಿ ನೀರುದೋಸೆಯನ್ನು ಆರು ಗಂಟೆಗೇ ಹುಯ್ಯಬೇಕಾದರೆ ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ನೆನೆಹಾಕಬೇಕಾದರೆ ನೀವು ಎಷ್ಟು ಜನ ಎಂಬುದು ಆ ಮನೆಯವರಿಗೆ ಗೊತ್ತಿರಬೇಕು. ನಡುಹಗಲಿಗೆ ಬುತ್ತಿ ಬೇಕಲ್ಲ? ಅದಕ್ಕೆ ಬಾಳೆ ಎಲೆಯನ್ನು ಒಲೆಯ ಮೇಲೆ ಹಿಡಿದು ಬಾಡಿಸಬೇಕು. ಹಸಿ ಎಲೆ ಮಡಚಿದಲ್ಲೇ ಸೀಳುತ್ತದೆ, ಬಾಡಿಸಿದ ಎಲೆ ಬಟ್ಟೆಯ ಹಾಗೆ ಬಾಗುತ್ತದೆ. ಅದರಲ್ಲಿ ಚಿತ್ರಾನ್ನವನ್ನು ಕಟ್ಟಿ, ಬಾಳೆಯ ನಾರಿನಿಂದ ಬಿಗಿದು ಕೊಟ್ಟರೆ, ನಾಲ್ಕು ತಾಸಿನ ನಂತರ ಹುಲ್ಲಿನ ಮೇಲೆ ಕುಳಿತು ಬಿಚ್ಚುವಾಗ ಮೊದಲು ಬರುವ ಆ ಎಲೆಯ ವಾಸನೆಯನ್ನು ನಾನು ಮಾತಿನಲ್ಲಿ ಹೇಳಲಾರೆ. ತಿಂದಾದ ಮೇಲೆ ಆ ಎಲೆಯನ್ನೂ ಮಡಚಿ ಚೀಲಕ್ಕೆ ಹಾಕಿಕೊಂಡು ಕೆಳಗೆ ತನ್ನಿ.

ಈ ಲೆಕ್ಕವನ್ನೆಲ್ಲ ಒಂದೇ ಹಾಳೆಯಲ್ಲಿ ನಾನು ಅಚ್ಚುಕಟ್ಟಾಗಿ ಬರೆದಿದ್ದೇನೆ. ಕೊಂಡಿ ವಿವರಣೆಯಲ್ಲಿದೆ, ಉಚಿತವಾಗಿ ಇಳಿಸಿಕೊಳ್ಳಬಹುದು. ಉಚಿತ ಎಂದರೆ ಚಂದಾದಾರರಾದ ಮೇಲೆ ಉಚಿತ.

ಈಗ ಇನ್ನೊಬ್ಬರ ಆಕ್ಷೇಪಕ್ಕೆ ಬರೋಣ. “ಈಗ ಪರವಾನಗಿ ಸಿಗುವುದೇ ಕಷ್ಟ. ಮೊದಲು ಟಿಕೆಟು, ಆಮೇಲಲ್ಲವೇ ಊಟ?” ಎಂದು ಅವರು ಕೇಳಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಜನ ಮುಗಿಬಿದ್ದದ್ದು, ಅದಾದ ಮೇಲೆ ಆನ್‌ಲೈನ್ ನೋಂದಣಿ ಕಡ್ಡಾಯವಾದದ್ದು, ದಿನಕ್ಕೆ 300 ಮಂದಿಯ ಮಿತಿ ಬಂದದ್ದು ನನಗೂ ಗೊತ್ತಿದೆ. ಟಿಕೆಟು ಬೇಡವೆಂದು ನಾನು ಎಲ್ಲಿಯೂ ಹೇಳಿಲ್ಲ. ಊಟದ ಮನೆಗೆ ಮೊದಲು ಫೋನ್ ಮಾಡಿ, ಅವರ ಮನೆಯಲ್ಲಿ ಪೂಜೆಯೋ, ಮದುವೆಯೋ, ಅಡಿಕೆ ಕೊಯ್ಲೋ ಇಲ್ಲದ ದಿನ ಯಾವುದು ಎಂದು ಕೇಳಿಕೊಂಡು, ಆ ದಿನಕ್ಕೆ ಟಿಕೆಟು ಮಾಡಿಸಿ ಎನ್ನುತ್ತಿದ್ದೇನೆ. ಆ ದಿನಕ್ಕೆ ಟಿಕೆಟು ಸಿಗದಿದ್ದರೆ ಏನು ಮಾಡುವುದು ಎಂದು ನೀವು ಕೇಳಬಹುದು. ಕೇಳಬೇಡಿ.

ಋತುಮಾನದ ಮಾತನ್ನು ಆಡದೆ ಈ ವಿಷಯವನ್ನು ಮುಗಿಸಲಾಗದು. ನಮ್ಮ ಕಡೆಯ ಅತಿ ರುಚಿಯ ಅಡುಗೆಗಳು ಮಳೆಗಾಲದವು. ಆಟಿ ತಿಂಗಳಿನಲ್ಲಿ ಕೆಸುವಿನ ಎಲೆಯ ಪತ್ರೊಡೆ, ದಿನಗಟ್ಟಲೆ ನೀರು ಬದಲಿಸಿ ನೆನೆಸಿದ ಕಳಲೆಯ ಪಲ್ಯ, ಚಗಟೆ ಸೊಪ್ಪು, ಒಂದೆಲಗದ ತಂಬುಳಿ ಇವೆಲ್ಲ ಬರುತ್ತವೆ. ಆ ಹೊತ್ತಿಗೆ ಕುಮಾರ ಪರ್ವತದ ದಾರಿ ಮುಚ್ಚಿರುತ್ತದೆ, ತೆರೆದ ಕಾಡಿನಲ್ಲೆಲ್ಲ ಇಂಬಳಗಳು, ಅಂದರೆ ನೆತ್ತರು ಹೀರುವ ಜಿಗಣೆಗಳು, ನಿಮ್ಮನ್ನೇ ಊಟ ಮಾಡಲು ಕಾದಿರುತ್ತವೆ. ದಾರಿ ತೆರೆದು ಆಕಾಶ ತಿಳಿಯಾಗುವ ಹೊತ್ತಿಗೆ ಪತ್ರೊಡೆಯ ಕಾಲ ಕಳೆದಿರುತ್ತದೆ. ಹಾಗೆಂದು ನಿರಾಶರಾಗಬೇಕಾಗಿಲ್ಲ. ಹೊಸ ಅಕ್ಕಿ ಮನೆಗೆ ಬರುವುದು ಆಗಲೇ. ಉಡುಪಿಯ ಕಡೆಗೆ ಹೋಗುವವರಿಗೆ ಮಟ್ಟುಗುಳ್ಳ ಸಿಗತೊಡಗುವುದೂ ಆಗಲೇ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಹಸಿರು ಗುಂಡು ಬದನೆಯ ಹುಳಿಯನ್ನು, ಕೊಡಚಾದ್ರಿಯಿಂದ ಇಳಿದು ಕೊಲ್ಲೂರು ದಾಟಿ ಹಿಂದಿರುಗುವ ದಿನ ಉಣ್ಣಬೇಕು. ಕೊಡಚಾದ್ರಿ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ, ಎತ್ತರ 1,343 ಮೀಟರ್. ಹೆಚ್ಚಿನವರು ಜೀಪಿನಲ್ಲಿ ಕುಲುಕಾಡಿಕೊಂಡು ಹೋಗಿ, ಸರ್ವಜ್ಞ ಪೀಠದ ಎದುರು ಚಿತ್ರ ತೆಗೆಸಿಕೊಂಡು, ಅದನ್ನೂ ಚಾರಣವೆಂದು ಕರೆಯುತ್ತಾರೆ. ಜೀಪಿನಲ್ಲಿ ಹೋದವರಿಗೂ ಹಸಿವಾಗುತ್ತದೆ, ಅವರ ಮೇಲೆ ನನಗೆ ಕೋಪವಿಲ್ಲ.

ಗಡಾಯಿಕಲ್ಲಿನ ವಿಚಾರ ಚಿಕ್ಕದು. 1794ರಲ್ಲಿ ಟಿಪ್ಪು ಸುಲ್ತಾನ್ ಮೇಲೆ ಕೋಟೆ ಕಟ್ಟಿಸಿ, ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಎಂದು ಕರೆದ ಆ ಬೆಳ್ತಂಗಡಿಯ ಬಂಡೆ ಬೆಳಗಿನ ಹತ್ತು ಗಂಟೆಗೆಲ್ಲ ಕಾವಲಿಯಾಗುತ್ತದೆ. ನಸುಕಿನಲ್ಲೇ ಹತ್ತಿ, ಹನ್ನೊಂದರೊಳಗೆ ಇಳಿದು, ಊಟದ ಎಲೆಯ ಮುಂದೆ ಕುಳಿತುಕೊಳ್ಳಿ. ಅಷ್ಟೆ.

ಎಲ್ಲ ಆಕ್ಷೇಪಗಳಲ್ಲಿ ಒಂದು ಮಾತ್ರ ನನ್ನನ್ನು ಸ್ವಲ್ಪ ಕುಟುಕಿತು. “ನಿಮ್ಮ ಊಟದ ಚಪಲಕ್ಕೆ ಕಾಡಂಚಿನ ಮನೆಯವರಿಗೆ ತೊಂದರೆ ಏಕೆ ಕೊಡುತ್ತೀರಿ?” ಇದನ್ನು ಬರೆದವರು ಒಬ್ಬ ಅಕ್ಕ. ತೊಂದರೆ ಕೊಡುವವರು ಹೇಳದೇ ಹೋಗುವವರು, ಅಕ್ಕಾ. ಇದು ನನಗೆ ಗೊತ್ತು, ಏಕೆಂದರೆ ಹಾಗೆ ಹೋದವನು ನಾನೇ. ವರ್ಷಗಳ ಹಿಂದೆ ಏಳು ಜನರು, ಮಧ್ಯಾಹ್ನ ಮೂರು ಗಂಟೆಗೆ, ಘಟ್ಟದ ಬುಡದ ಒಂದು ಮನೆಯ ಅಂಗಳದಲ್ಲಿ ನಿಂತು “ಅಮ್ಮಾ, ಊಟ ಸಿಗಬಹುದಾ?” ಎಂದು ಕೇಳಿದೆವು. ಅವರು ಒಂದು ಗಳಿಗೆ ಸುಮ್ಮನಿದ್ದು “ಕೂತ್ಕೊಳ್ಳಿ” ಎಂದರು. ಮಾಡಿನ ಅಡ್ಡಕ್ಕೆ ಬಾಳೆನಾರಿನಲ್ಲಿ ಸಾಲಾಗಿ ಕಟ್ಟಿ ನೇತುಹಾಕಿದ್ದ ಸೌತೆಕಾಯಿಗಳಲ್ಲಿ ಒಂದನ್ನು ಬಿಚ್ಚಿದರು, ಕೊಯ್ದರು, ಹುಳಿಗಿಟ್ಟರು. ಕುಚ್ಚಲಕ್ಕಿ ಬೇಯಲು ಒಂದು ತಾಸು ಬೇಕು, ಹಸಿದವರಿಗೆ ಅದು ಮೂರು ತಾಸು. ಅವರು ನಮ್ಮ ಮುಖ ನೋಡಿ ಅಷ್ಟರಲ್ಲಿ ಇದ್ದ ಗಂಜಿಯನ್ನು ನಮಗೆ ಹಂಚಿಬಿಟ್ಟರು. ನಾನು ಎರಡನೆಯ ಸಲವೂ ಬಟ್ಟಲು ಒಡ್ಡಿದೆ. ಕೈ ತೊಳೆಯಲು ಹಿಂದಿನ ಬಾಗಿಲಿಗೆ ಹೋದಾಗ, ತೋಟದಿಂದ ಬಂದ ಅವರ ಮಗ ಬರಿದಾದ ಪಾತ್ರೆಯ ಮುಚ್ಚಳವನ್ನು ಎತ್ತಿ ನೋಡಿ, ಏನೂ ಹೇಳದೆ, ಮತ್ತೆ ಮುಚ್ಚಿದ್ದನ್ನು ಕಂಡೆ. ದುಡ್ಡು ಕೊಟ್ಟೆವು, ಅವರು ಬೇಡವೆಂದರು, ನಾವು ಜಗಲಿಯ ಮೇಲೆ ಇಟ್ಟು ಬಂದೆವು. ಆ ಮುಚ್ಚಳದ ಸದ್ದಿಗೆ ಬೆಲೆ ಕಟ್ಟುವುದು ಹೇಗೆ ಎಂದು ನನಗೆ ಗೊತ್ತಾಗಲಿಲ್ಲ.

ಆದ್ದರಿಂದಲೇ ಹೇಳುತ್ತಿದ್ದೇನೆ, ಮೊದಲು ಊಟ! ಎರಡು ದಿನ ಮೊದಲೇ ಫೋನ್ ಮಾಡಿ, ಎಷ್ಟು ಜನ ಎಂದು ಹೇಳಿ, ಎಷ್ಟು ಕೊಡಬೇಕು ಎಂದು ಕೇಳಿ, ತಡವಾದರೆ ಸಿಗ್ನಲ್ ಇರುವಲ್ಲೇ ನಿಂತು ತಿಳಿಸಿ. ಚೀಲ ಕೊಳ್ಳಲು ಮೂರು ವಾರ ಅಂಗಡಿ ಅಂಗಡಿ ಅಲೆಯುವವರಿಗೆ, ಮಳೆಯಂಗಿಯ ತೂಕವನ್ನು ಗ್ರಾಮಿನಲ್ಲಿ ಕೇಳುವವರಿಗೆ, ಒಂದು ಫೋನ್ ಮಾಡುವುದು ಮಾತ್ರ ಭಾರವಾಗುತ್ತದೆ!

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯಿದೆ. ನನಗೆ ಮೊದಲನೆಯದು ಗೊತ್ತು, ಎರಡನೆಯದರ ಗತಿಯನ್ನು ನೀವು ನೋಡುತ್ತಿದ್ದೀರಿ. ಇನ್ನೂ ಮೂರು ಕಾರಣಗಳನ್ನು ಬರೆದುಕೊಂಡಿದ್ದೆ. ಒಂದರ ಅಕ್ಷರ ಬೆವರಿಗೆ ಅಳಿಸಿಹೋಗಿದೆ, ಇನ್ನೊಂದು ಬೂಟಿನ ಹಾಳೆಯಿಂದ ಬಂದು ಸೇರಿಕೊಂಡದ್ದು. ಮೂರನೆಯದು “ಗೋಳಿಬಜೆ” ಎಂದಷ್ಟೇ ಇದೆ, ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿದ ನಮ್ಮ ಕಡೆಯ ತಿಂಡಿ. ಬರೆಯುವಾಗ ಇದರ ಮುಂದೆ ದೊಡ್ಡದೊಂದು ತರ್ಕ ಇತ್ತು. ಈಗ ನೆನಪಾಗುತ್ತಿಲ್ಲ, ಆದರೆ ಗೋಳಿಬಜೆಗೆ ತರ್ಕದ ಆಸರೆ ಬೇಕೆಂದು ನನಗೆ ಅನ್ನಿಸುವುದೂ ಇಲ್ಲ. ಮೊದಲು ಊಟ, ಆಮೇಲೆ ಬೆಟ್ಟ. ಬಿಸ್ಕತ್ತಿನ ಮಹನೀಯರೇ, ನೀವು ಒಪ್ಪದಿದ್ದರೂ ಪರವಾಗಿಲ್ಲ, ಗಂಟೆಯ ಗುಂಡಿಯನ್ನು ಒತ್ತಿ ಹೋಗಿ.

ನಡುವೆ ಫೋನ್ ಗುಣುಗುಟ್ಟಿದ್ದು ನಿಮಗೂ ಕೇಳಿಸಿರಬಹುದು. ಬರುವ ಶನಿವಾರಕ್ಕೆ ನಾವು ಐದು ಜನ ಹೋಗುವ ಮನೆಯಿಂದ ಬಂದ ಸಂದೇಶ ಅದು. “ಬಸಳೆ ಚೆನ್ನಾಗಿ ಬಂದಿದೆ. ಹಲಸಿನ ಬೀಜ ಹಾಕಿ ಮಾಡಬಹುದಾ, ನಿಮ್ಮಲ್ಲಿ ಯಾರಿಗಾದರೂ ಆಗುವುದಿಲ್ಲವಾ?” ಎಂದು ಕೇಳಿದ್ದಾರೆ. ಉತ್ತರ ಕೊಡಬೇಕು. ಫ್ಯಾನು ಹಾಕಪ್ಪಾ.