ಫ್ರಿಜ್ ಎಷ್ಟು ಹೊತ್ತು ಓಡುತ್ತದೆ?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಿಗೆ ಊಟ ಮುಗಿಸಿ, ಪಾತ್ರೆ ತೊಳೆದಿಟ್ಟು, ರೇಡಿಯೋ ಹಾಕಿಕೊಂಡು ಕೂತಿರುತ್ತೀರಿ. ಹತ್ತಿರದಲ್ಲೇ ಫ್ರಿಜ್ ಇದ್ದರೆ ಸ್ವಲ್ಪ ಕಿವಿ ಕೊಡಿ. ಗುಂಯ್ ಅನ್ನುತ್ತಿದೆಯೋ, ಸುಮ್ಮನಿದೆಯೋ? ನಾನು ಐಟಿಐನಲ್ಲಿ 28 ವರ್ಷ ಫ್ರಿಜ್ ರಿಪೇರಿ ಕಲಿಸಿದವನು. ಇವತ್ತು ನಾನು ಹೇಳಬೇಕಾಗಿರುವುದೆಲ್ಲ ಆ ಗುಂಯ್ ಶಬ್ದದ ಬಗ್ಗೆಯೇ.

ಫ್ರಿಜ್ ತಂಪು ಹುಟ್ಟಿಸುತ್ತದೆ ಅಂದುಕೊಂಡಿದ್ದೀರಿ, ಅಲ್ವಾ? ಇಲ್ಲ. ಒಳಗೆ ಸೇರಿಕೊಂಡ ಬಿಸಿಯನ್ನು ತೆಗೆದು ಹೊರಗೆ ಹಾಕುತ್ತದೆ, ಅಷ್ಟೇ. ತೂತು ಬಿದ್ದ ದೋಣಿಯಲ್ಲಿ ಕೂತು ನೀರು ಮೊಗೆದು ಚೆಲ್ಲುತ್ತಾರಲ್ಲ, ಹಾಗೆ. ತೂತು ದೊಡ್ಡದಾದಷ್ಟೂ ಮೊಗೆಯುವ ಕೆಲಸ ಜಾಸ್ತಿ. ಫ್ರಿಜ್ ಹಿಂದೆ ಕೆಳಗಡೆ ಕಪ್ಪಗೆ ಕುಡಿಕೆಯ ಹಾಗೆ ಕೂತಿದೆ ನೋಡಿ, ಕಂಪ್ರೆಸರ್, ಮೊಗೆಯುವ ಆಳು ಅದೇ. ಅದು ಓಡುವಾಗ ಕೇಳುವುದೇ ಗುಂಯ್ ಶಬ್ದ. ಕರೆಂಟ್ ಖರ್ಚಾಗುವುದೂ ಆಗಲೇ.

ಒಂದು ಸಣ್ಣ ಲೆಕ್ಕ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ನಿಮ್ಮ ಫ್ರಿಜ್ 120 ವ್ಯಾಟ್‌ನದು ಅಂತ ಇಟ್ಟುಕೊಳ್ಳಿ. ಕಂಪ್ರೆಸರ್ ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಸುಮಾರು 43 ಯೂನಿಟ್. ನಿಲ್ಲದೆ 24 ಗಂಟೆಯೂ ಓಡಿದರೆ 86. ಅದೇ ಫ್ರಿಜ್, ಒಳಗೆ ಅದೇ ಅರ್ಧ ಲೀಟರ್ ಹಾಲು, ಅದೇ ದೋಸೆ ಹಿಟ್ಟು. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ತಿಂಗಳಿಗೆ 250 ರೂಪಾಯಿ ಸುಮ್ನೆ ಹೋಯಿತು. ಅದಕ್ಕೇ ಎಷ್ಟು ವ್ಯಾಟ್ ಅಂತ ಕೇಳಬೇಡಿ, ಎಷ್ಟು ಹೊತ್ತು ಓಡುತ್ತದೆ ಅಂತ ಕೇಳಿ.

ನಮ್ಮ ಅಕ್ಕ ದಾವಣಗೆರೆಯಲ್ಲಿ ಇದ್ದಾಳೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಅವರ ಮನೆಗೆ ತಿಂಗಳಿಗೆ 96 ಯೂನಿಟ್ ಪುಕ್ಕಟೆ ಸಿಗುತ್ತಿತ್ತು. 2022-23ರಲ್ಲಿ ಬಳಸಿದ ಸರಾಸರಿಗೆ ಶೇಕಡ 10 ಸೇರಿಸಿ ಕೊಟ್ಟರಲ್ಲ, ಆ ಲೆಕ್ಕ. ಪ್ರತಿ ತಿಂಗಳೂ ಸೊನ್ನೆ ಬಿಲ್ಲು. ಒಂದು ಸಲ ಇದ್ದಕ್ಕಿದ್ದ ಹಾಗೆ 134 ಯೂನಿಟ್ ಬಂತು. ಫೋನ್ ಮಾಡಿದಳು. "ಲೋ, ನಮ್ಮ ಮೀಟರ್ ಕೆಟ್ಟಿದೆ ಕಣೋ, ಬಂದು ನೋಡು" ಅಂದಳು. ಭಾವನವರಿಗೆ ಬೇರೆಯೇ ಅನುಮಾನ, ಯಾರೋ ನಮ್ಮ ಲೈನಿಗೆ ವೈರ್ ಕೊಟ್ಟಿದ್ದಾರೆ ಅಂತ.

ಹೋದೆ. ಮೀಟರ್ ಹತ್ತಿರ ಹೋಗಲೇ ಇಲ್ಲ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಅಕ್ಕ ಕಾಫಿ ಕೊಟ್ಟಳು, ಕುಡಿದೆ. ಅವಳು ಮಂಡಕ್ಕಿಗೆ ಒಗ್ಗರಣೆ ಹಾಕಿದಳು, ತಿಂದೆ. ಮುಕ್ಕಾಲು ಗಂಟೆಯಾಯಿತು. ಫ್ರಿಜ್ ಗುಂಯ್ ಅನ್ನುತ್ತಲೇ ಇತ್ತು. ಸರಿಯಾಗಿರುವ ಹಳೆಯ ಫ್ರಿಜ್ ಸ್ವಲ್ಪ ಹೊತ್ತು ಓಡಿ, ಟಕ್ ಅಂತ ನಿಂತು, ಸುಧಾರಿಸಿಕೊಳ್ಳಬೇಕು. ಇದು ಒಂದು ಸಲವೂ ನಿಲ್ಲಲಿಲ್ಲ.

ಕತ್ತಲಾದ ಮೇಲೆ ಅಕ್ಕನ ಮೊಬೈಲ್ ಟಾರ್ಚ್ ಹಚ್ಚಿ, ಮೊಸರಿನ ಪಾತ್ರೆ ಪಕ್ಕದಲ್ಲಿ ಬಾಗಿಲ ಕಡೆ ಬೆಳಕು ಬೀಳುವ ಹಾಗೆ ಇಟ್ಟೆ. ಬಾಗಿಲು ಮುಚ್ಚಿ ಅಡುಗೆಮನೆಯ ದೀಪ ಆರಿಸಿದೆ. ಕೆಳಗಿನ ಮೂಲೆಯಿಂದ ಒಂದು ಗೀಟಿನಷ್ಟು ಬೆಳಕು ಕೆಂಪು ನೆಲದ ಮೇಲೆ ಬಿದ್ದಿತ್ತು. ಅವಳ ಮೊಮ್ಮಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತು, ಅದರ ಮೇಲೆ ಬೆರಳಿಟ್ಟು, "ಅಜ್ಜೀ, ಫ್ರಿಜ್ ತೂತಾಗಿದೆ" ಅಂದಳು. ಆ ಮಗು ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಯಾವ ಕ್ಲಾಸಿನಲ್ಲೂ ಹೇಳಿಲ್ಲ. ಬೆಳಕು ಹೊರಗೆ ಬರುವ ಸಂದಿನಲ್ಲೇ ಬಿಸಿಗಾಳಿ ಒಳಗೆ ಹೋಗುತ್ತದೆ, ಹಗಲೂ ರಾತ್ರಿ. ಬಾಗಿಲ ಸುತ್ತ ಇರುವ ರಬ್ಬರ್, ಗ್ಯಾಸ್ಕೆಟ್ ಅನ್ನುತ್ತಾರೆ, ಆ ಮೂಲೆಯಲ್ಲಿ ಗಟ್ಟಿಯಾಗಿ ಸೀಳು ಬಿಟ್ಟಿತ್ತು.

ಇನ್ನೊಂದು ತಪ್ಪೂ ಇತ್ತು. ಫ್ರಿಜ್ಜನ್ನು ಗೋಡೆಗೆ ಒತ್ತಿ ಇಟ್ಟಿದ್ದರು, ಅದೂ ಒಲೆಯ ಮಗ್ಗುಲಲ್ಲಿ. ಹಿಂದಿನ ಕಪ್ಪು ಜಾಲರಿಯ ಮೇಲೆ ಒಗ್ಗರಣೆಯ ಜಿಡ್ಡು, ಧೂಳು ಸೇರಿ ಕಂಬಳಿ ಹೊದೆಸಿದ ಹಾಗಾಗಿತ್ತು. ಒಳಗಿನ ಬಿಸಿ ಹೊರಗೆ ಹೋಗುವುದೇ ಆ ಜಾಲರಿಯಿಂದ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬ್ರಷ್ ಹಾಕಿ ಉಜ್ಜಿದೆ. ಒಲೆಯಿಂದ ದೂರ, ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದೆವು. ಮಾರನೇ ದಿನ ಹೊಸ ರಬ್ಬರ್ ಹಾಕಿಸಿದೆವು. ಎಲ್ಲಾ ಸೇರಿ ಸಾವಿರ ರೂಪಾಯಿಯ ಒಳಗೇ ಮುಗಿಯಿತು. ಮುಂದಿನ ಬಿಲ್ಲು 97 ಯೂನಿಟ್. ಅದರ ಮುಂದಿನದು 93. ಮೀಟರಿಗೆ ಏನೂ ಆಗಿರಲಿಲ್ಲ.

ಅಕ್ಕನ ಮನೆಯ ಕಥೆಯಲ್ಲೇ ಹೊತ್ತು ಹೋಯಿತು, ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ರಾತ್ರಿ ಫ್ರಿಜ್ ಆರಿಸಿ ಮಲಗುವವರು ಇದ್ದೀರಿ. ದಯವಿಟ್ಟು ಬೇಡ. ರಾತ್ರಿಯೆಲ್ಲ ಒಳಗೆ ಸೇರಿದ ಬಿಸಿಯನ್ನು ಬೆಳಿಗ್ಗೆ ಮೊಗೆಯಲೇಬೇಕು. ಜೊತೆಗೆ ಹಾಲು, ಹಿಟ್ಟು ಹಾಳು. ಬಿಸಿ ಸಾರಿನ ಪಾತ್ರೆ ಹಾಗೇ ಒಳಗೆ ಇಡಬೇಡಿ, ಆರಲಿ. ಮಂಜು ಕಟ್ಟುವ ಫ್ರಿಜ್ ಆದರೆ ಕಿರುಬೆರಳ ದಪ್ಪ ಆಗುವ ಮೊದಲೇ ಕರಗಿಸಿ. ಚಾಕುವಿನಲ್ಲಿ ಕೆರೆಯಬೇಡಿ, ಪೈಪ್ ತೂತಾದರೆ ಗ್ಯಾಸ್ ಹೋಗುತ್ತದೆ. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಅರ್ಧ ಆಗುತ್ತದೆ ಅಂತ ಒಂದು ಪುಟ್ಟ ಡಬ್ಬಿ ಮಾರುತ್ತಾರೆ. ಅದರಿಂದ ಮನೆಯ ಬಿಲ್ಲು ಒಂದು ಪೈಸೆಯೂ ಇಳಿಯುವುದಿಲ್ಲ. ಆ ದುಡ್ಡಿಗೆ ರಬ್ಬರ್ ಹಾಕಿಸಿ.

ಹೊಸದು ಕೊಳ್ಳುವವರಿಗೆ ಒಂದೇ ಮಾತು. ಫ್ರಿಜ್ ಮೇಲೆ ಅಂಟಿಸುವ ನಕ್ಷತ್ರದ ಚೀಟಿ, ಸ್ಟಾರ್ ರೇಟಿಂಗ್ ಅನ್ನುತ್ತಾರೆ, ನಮ್ಮಲ್ಲಿ 2006ರಲ್ಲಿ ಬಂತು. ನಕ್ಷತ್ರ ಎಣಿಸಿ ಸುಮ್ಮನಾಗಬೇಡಿ, ವರ್ಷಕ್ಕೆ ಎಷ್ಟು ಯೂನಿಟ್ ಅಂತ ಅದೇ ಚೀಟಿಯಲ್ಲಿ ಬರೆದಿರುತ್ತದೆ, ಅದನ್ನು ಓದಿ. 180 ಅಂತಿದ್ದರೆ ತಿಂಗಳಿಗೆ 15. ಆದರೆ ಅದು ರಬ್ಬರ್ ಸರಿಯಾಗಿರುವ ಫ್ರಿಜ್‌ನ ಲೆಕ್ಕ.

ಇವತ್ತು ರಾತ್ರಿ ಟಾರ್ಚ್ ಇಟ್ಟು ನೋಡಿ. ನಾಲ್ಕೂ ಮೂಲೆ ನೋಡಿ, ಬಾಗಿಲ ಕೀಲಿನ ಕಡೆಯದನ್ನೂ ಬಿಡಬೇಡಿ. ರಬ್ಬರ್ ಸೊಟ್ಟಗಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಒತ್ತಿ ಹಿಡಿಯಿರಿ, ಎಷ್ಟೋ ಸಲ ಮತ್ತೆ ಕೂತುಕೊಳ್ಳುತ್ತದೆ. ಸೀಳಿದ್ದರೆ ಮಾಡೆಲ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಬಿಡಿಭಾಗದ ಅಂಗಡಿಗೆ ಹೋಗಿ. ಆ ನಂಬರ್ ಫ್ರಿಜ್ ಒಳಗೆ, ತರಕಾರಿ ಡಬ್ಬದ ಪಕ್ಕದ ಗೋಡೆಯ ಮೇಲೋ, ಇಲ್ಲವೇ ಹಿಂಭಾಗದಲ್ಲೋ ಅಂಟಿಸಿರುತ್ತಾರೆ. ನಮಸ್ಕಾರ.