ಬಂಗಡೆ ಕೆಜಿಗೆ 0 ರೂಪಾಯಿ?? ಬೈತಖೋಲ ಬಂದರಲ್ಲಿ ಖಾಲಿ ಅರೇ (array) ಮಾತುಕತೆ

ಹಾಂ, ಇದು ಕಾರವಾರದ ಬೈತಖೋಲ ಬಂದರು, ಟ್ರಾಲರ್ ಎಲ್ಲಾ ಸಾಲಾಗಿ ಕಟ್ಟಿ ಹಾಕಿದಾರೆ ನೋಡಿ, ಜೂನ್ 1ರಿಂದ ಜುಲೈ 31ರ ತನಕ 61 ದಿನ ಮೀನುಗಾರಿಕೆ ನಿಷೇಧ, ಇವು ಕಡಲಿಗೆ ಇಳಿಯೋ ಹಾಗಿಲ್ಲ. ಲೆನ್ಸ್ ಮೇಲೆ ಮಳೆ ಬೇರೆ, ತಡೀರಿ.

ಈಗ ಈ ಸ್ಕ್ರೀನ್ ನೋಡಿ ಮಾರಾಯ್ರೇ. ಮೀನು ರೇಟಿನ ಒಂದು ಆಪ್, ಹೆಸರು ಬೇಡ. ಟ್ರಾಲರ್ ಬಂಗಡೆ, ಈ ವಾರದ ಸರಾಸರಿ, 0 ರೂಪಾಯಿ! ಕಾರವಾರದಲ್ಲಿ ಯಾರ್ರೀ ಪುಕ್ಕಟೆ ಬಂಗಡೆ ಕೊಡ್ತಾರೆ? ಮಾರಾಟವೇ ಆಗಿಲ್ಲ, ಅರೇ, ಅಂದ್ರೆ ಕೋಡಲ್ಲಿ ರೇಟ್ ಎಲ್ಲಾ ಸಾಲಾಗಿ ಇಡೋ ಪಟ್ಟಿ, ಖಾಲಿ, ಅಷ್ಟೆ. ಯಾರೋ ಕೋಡಲ್ಲಿ ಲೆಂತ್, ಅಂದ್ರೆ ಪಟ್ಟೀಲಿರೋ ನಂಬರ್‌ಗಳ ಎಣಿಕೆ, ಸೊನ್ನೆ ಇದ್ರೆ ಸೊನ್ನೆ ವಾಪಸ್ ಕೊಡು ಅಂತ ಬರ್ದು ಕೈ ತೊಳ್ಕೊಂಡಿದಾರೆ. ಅದು ಅಲ್ಲಿಗೇ ನಿಲ್ಲಲ್ಲ, ಮಳೆಗಾಲದ ಅಷ್ಟೂ ವಾರದ ಸೊನ್ನೆ ವರ್ಷದ ಸರಾಸರಿಗೆ ಸೇರ್ಕೊಂಡು ರೇಟೇ ಕೆಳಗೆ ಜಾರತ್ತೆ, ಆಮೇಲೆ ಅದೇ ಗ್ರಾಫ್ ತೋರಿಸಿ ಮೀನು ಮಾರೋ ಅಮ್ಮನ ಹತ್ರ ಚೌಕಾಸಿ ಮಾಡ್ತಾರೆ. ಸಿಟ್ಟು ಬರಲ್ವಾ?

ಮೊತ್ತ ಸೊನ್ನೆ ಅಂದ್ರೆ ಒಪ್ತೀನಿ. ಪೈಥಾನ್ ಭಾಷೇಲಿ ಲೆಕ್ಕ ಮಾಡೋಕೆ ಇರೋ ನಂಪೈ ಲೈಬ್ರರಿಯಲ್ಲಿ ಖಾಲಿ ಅರೇ ಸಮ್ (ಮೊತ್ತ) 0, ಪ್ರಾಡಕ್ಟ್ (ಗುಣಲಬ್ಧ) 1. ಎರಡು ಬುಟ್ಟಿ ಬೇರೆ ಬೇರೆ ಎಣಿಸಿ ಕೂಡಿದ್ರೆ ಒಂದು ಖಾಲಿ ಇದ್ರೂ ಲೆಕ್ಕ ತಾಳೆ ಆಗ್ಬೇಕಲ್ಲ, ಅದಕ್ಕೆ. ಇದ್ರಲ್ಲೂ ಪೈಥಾನಿನದೇ ಇನ್ನೊಂದು ಲೈಬ್ರರಿ, ಟೇಬಲ್ ಲೆಕ್ಕದ ಪಾಂಡಾಸ್, ತೂಗಾಡಿದೆ, 2017ರಲ್ಲಿ ಅದರ 0.21 ವರ್ಷನ್ ಬಂದಾಗ ಖಾಲಿ ಸಮ್ ನ್ಯಾನ್ (NaN, ನಂಬರೇ ಅಲ್ಲ ಅನ್ನೋ ಗುರುತು) ಆಯ್ತು, ವರ್ಷದ ಕೊನೇಲಿ 0.22ರಲ್ಲಿ ಮತ್ತೆ 0, ನ್ಯಾನೇ ಬೇಕು ಅನ್ನೋರಿಗೆ ಮಿನ್ ಕೌಂಟ್, ಅಂದ್ರೆ ಕನಿಷ್ಠ ಇಷ್ಟು ನಂಬರ್ ಇರ್ಲೇಬೇಕು, ಅಂತ ಆಪ್ಷನ್.

ಸರಾಸರಿ ಹಾಗಲ್ಲ, ಸೊನ್ನೆ ಭಾಗಿಸು ಸೊನ್ನೆ, ಅದಕ್ಕೆ ಉತ್ತರವೇ ಇಲ್ಲ. ಪೈಥಾನಿನ ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್ ಎರರ್ ಕೊಟ್ಟು ನಿಲ್ಲತ್ತೆ, ಅದೇ ಸರಿ. ಅಲ್ಲ ತಡೀರಿ, ಇಸ್ವಾಣ, ತಾರ್ಲೆ, ಸಿಗಡಿ ಅಂತ ಅಷ್ಟೆಲ್ಲ ಕಾಲಂ ಇರ್ವಾಗ ಒಂದು ಖಾಲಿ ಅಂತ ಇಡೀ ರನ್ ಬಿದ್ರೂ ಕಷ್ಟ, ಹಾಗಾದ್ರೆ ನಂಪೈ ಥರ ವಾರ್ನಿಂಗ್ ಕೊಟ್ಟು ನ್ಯಾನ್ ಕೊಡ್ಲಿ, ಆಪ್‌ನಲ್ಲಿ ಮಾರಾಟ ಇಲ್ಲ ಅಂತ ಬರ್ಲಿ. ಸೊನ್ನೆ ಮಾತ್ರ ಬೇಡವೇ ಬೇಡ.

ಮ್ಯಾಕ್ಸ್, ಅಂದ್ರೆ ಎಲ್ಲಕ್ಕಿಂತ ದೊಡ್ಡ ನಂಬರ್? ಖಾಲಿ ಅರೇಗೆ ಆರ್ (R) ಅನ್ನೋ ಪ್ರೋಗ್ರಾಮಿಂಗ್ ಭಾಷೆ ವಾರ್ನಿಂಗ್ ಜೊತೆ ಮೈನಸ್ ಇನ್ಫಿನಿಟಿ ಕೊಡತ್ತೆ, ಗಣಿತಕ್ಕೆ ಸರಿ, ಯಾವ ನಂಬರ್ ಬಂದ್ರೂ ಅದಕ್ಕಿಂತ ದೊಡ್ಡದೇ. ಆದ್ರೆ ರೇಟ್ ಬೋರ್ಡಿಗೆ ಅದು ಬೇಡ, ನಂಪೈ ಎರರ್ ಕೊಡತ್ತೆ, ನಂಗೆ ಅದೇ ಇಷ್ಟ, ಬೇಕಾದೋರು ಇನಿಶಿಯಲ್ ವ್ಯಾಲ್ಯೂ, ಅಂದ್ರೆ ಶುರುವಿನ ನಂಬರ್, ತಾವೇ ಕೊಟ್ಕೊಳ್ಲಿ.

ಓ, ನಾಡದೋಣಿ ಬಂತು ಬಂತು, ಕ್ಯಾಮೆರಾ ತಿರುಗಿಸ್ತೀನಿ, ಆಪ್‌ನವ್ರಿಗೆ ಇದನ್ನೆಲ್ಲ ಬರ್ದು ಕಳ್ಸಿದೀನಿ, ಉತ್ತರ ಬಂದ್ರೆ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.