ಮಘೆ ಮಳೆ ಮತ್ತು ಶೇಂಗಾ

ರೈತ ಬಾಂಧವರೇ, ತಾಯಂದಿರೇ, ನಮಸ್ಕಾರ.

ಮಳೆ ನಿಂತು ಹದಿನೈದು ದಿನ ಆಗಿದೆ ಅಂದುಕೊಳ್ಳಿ. ಮಧ್ಯಾಹ್ನ ಒಂದು ಗಂಟೆಗೆ ಶೇಂಗಾ ಹೊಲಕ್ಕೆ ಹೋಗಿ ನೋಡಿ. ಎಲೆಗಳೆಲ್ಲ ಕೈಮುಗಿದ ಹಾಗೆ ಮಡಚಿಕೊಂಡಿರುತ್ತವೆ. ಬೆಳೆ ಹೋಯ್ತು ಅನಿಸುತ್ತದೆ. ಮಾರನೇ ದಿನ ಬೆಳಿಗ್ಗೆ, ಬಿಸಿಲು ಏರುವ ಮುಂಚೆ ಅದೇ ಹೊಲಕ್ಕೆ ಹೋಗಿ. ಎಲೆ ಬಿಚ್ಚಿಕೊಂಡು ಹಸನಾಗಿ ನಿಂತಿರುತ್ತದೆ. ಬಿಸಿಲಿಗೆ ಎಲೆಯ ಅಂಚನ್ನಷ್ಟೇ ಒಡ್ಡಿ, ಕಣ್ಣಿಗೆ ಕಾಣದ ಸಣ್ಣ ಬಾಯಿಗಳನ್ನು ಮುಚ್ಚಿ, ಗಿಡ ನೀರು ಉಳಿಸಿಕೊಂಡಿತ್ತು, ಅಷ್ಟೇ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಆಗ ಚಿಂತೆ ಮಾಡಿ. ಈ ಉಪಾಯ ಪುಕ್ಕಟೆ ಅಲ್ಲ ಅನ್ನೋದೂ ಗೊತ್ತಿರಲಿ. ಬಾಯಿ ಮುಚ್ಚಿದ ಎಲೆ ಊಟ ತಯಾರಿಸುವುದಿಲ್ಲ. ಬೆಳವಣಿಗೆ ಕುಂಟುತ್ತದೆ.

ಚಳ್ಳಕೆರೆ, ಮೊಳಕಾಲ್ಮೂರು, ಪಕ್ಕದ ಜಗಳೂರು, ಇಲ್ಲೆಲ್ಲ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸು. ಆದರೂ ಚಳ್ಳಕೆರೆಗೆ ಎಣ್ಣೆ ನಗರ ಅನ್ನುವ ಹೆಸರು ಬಂತು. ಅದಕ್ಕೆ ಈ ಶೇಂಗಾವೇ ಕಾರಣ. ನಾವು ಕಟ್ಟೆ ಮೇಲೆ ಕೂತು "ಈ ಸಲ ಮಳೆ ಎಷ್ಟಾಯ್ತು?" ಅಂತ ಲೆಕ್ಕ ಹಾಕುತ್ತೇವೆ. ಶೇಂಗಾ ಗಿಡವನ್ನು ಕೇಳಿದರೆ ಅದು ಬೇರೆಯದೇ ಲೆಕ್ಕ ಹೇಳುತ್ತದೆ. ಯಾವ ಮಳೆ ಕೈಕೊಟ್ಟಿತು ಅನ್ನೋದು ಅದರ ಪ್ರಶ್ನೆ.

ಪುನರ್ವಸು ಮಳೆಯಲ್ಲಿ, ಅಂದರೆ ಜುಲೈ ಹತ್ತರ ಸುಮಾರಿಗೆ ಬಿತ್ತಿದಿರಿ. ಹೂವು ಕಾಣಲು 25ರಿಂದ 30 ದಿನ ಬೇಕು. ಮೊಳಕೆ ಚೆನ್ನಾಗಿ ಬಂದಿದ್ದರೆ, ಅಲ್ಲಿಯವರೆಗೆ ಸ್ವಲ್ಪ ದಿನ ಮಳೆ ಬಿಡುವು ಕೊಟ್ಟರೂ ಗಾಬರಿ ಬೇಡ. ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯುತ್ತದೆ. ಆಮೇಲೆ ಒಂದು ಹದ ಮಳೆ ಬಿದ್ದರೆ ಹೂವು ಒಟ್ಟಿಗೆ ಬರುತ್ತದೆ, ಕಾಯಿಯೂ ಒಟ್ಟಿಗೆ ಬಲಿಯುತ್ತದೆ. ಒಣಭೂಮಿ ಬೆಳೆಗಳ ಸಂಶೋಧನೆ ಮಾಡುವ, ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯ ಪ್ರಯೋಗಗಳಲ್ಲಿ ಇಂಥ ಮೊದಲ ಬಾಯಾರಿಕೆಯಿಂದ ಇಳುವರಿ ಸ್ವಲ್ಪ ಹೆಚ್ಚಿದ್ದೂ ಉಂಟು.

ಪರೀಕ್ಷೆ ಇರುವುದು ಆಮೇಲೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆ ಹೊರಟು ನೆಲದೊಳಕ್ಕೆ ಇಳಿಯಬೇಕು. ಅದರ ತುದಿಯಲ್ಲೇ ನಾಳೆಯ ಕಾಯಿ ಇದೆ. ನಮ್ಮ ಕೆಂಪು ಮಣ್ಣು ಒಣಗಿದರೆ ಹೆಂಚಿನ ಹಾಗೆ ಗಟ್ಟಿ. ಸೂಜಿ ಒಳಗೆ ಹೋಗಲಾರದೆ ಮೇಲೇ ಒಣಗುತ್ತದೆ. ಜುಲೈ ಹತ್ತಕ್ಕೆ ಬಿತ್ತಿದ ಹೊಲದಲ್ಲಿ ಈ ಕೆಲಸ ಜೋರಾಗಿ ನಡೆಯುವುದು ಆಗಸ್ಟ್ ಮೂರನೇ ವಾರದ ಹೊತ್ತಿಗೆ. ಅದು ಯಾವ ಮಳೆ? ಮಘೆ! "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ಒಂದು ವರ್ಷ ನಮ್ಮ ಹೊಲದಲ್ಲಿ ಬಳ್ಳಿ ಹಸಿರಾಗಿಯೇ ಇತ್ತು. ಕಿತ್ತು ನೋಡಿದರೆ ಅರ್ಧಕ್ಕರ್ಧ ಜೊಳ್ಳು. ಬೀಜ ಕೊಟ್ಟವರ ಮೇಲೆ ರೇಗಾಡಿ ಬಂದೆ. ತಪ್ಪು ನನ್ನದೇ ಆಗಿತ್ತು. ಕಾಳು ತುಂಬಲು ಕ್ಯಾಲ್ಸಿಯಂ ಬೇಕು, ಅಂದರೆ ಸುಣ್ಣದ ಅಂಶ. ಬೇರು ಎಳೆದುಕೊಂಡ ಸುಣ್ಣ ಎಲೆಗೆ ಹೋಗುತ್ತದೆ, ಅಲ್ಲಿಂದ ಕಾಯಿಗೆ ಇಳಿಯುವುದಿಲ್ಲ. ಕಾಯಿ ತನ್ನ ಸಿಪ್ಪೆಯಿಂದಲೇ ಸುತ್ತಲಿನ ಮಣ್ಣಿನಿಂದ ಹೀರಬೇಕು. ಹೀರಲು ಅಲ್ಲಿ ತೇವ ಬೇಕು. ಆಳದ ಬೇರಿಗೆ ನೀರು ಸಿಕ್ಕಿ ಬಳ್ಳಿ ಹಸಿರಾಗಿದ್ದರೂ, ಮೇಲಿನ ಎರಡು ಮೂರು ಇಂಚು ಮಣ್ಣು ಒಣಗಿದರೆ ಕಾಯಿ ಉಪವಾಸ. ಹಾಗಾಗಿ ಹೂವು ಬರುವಾಗ ಸುಣ್ಣದ ಅಂಶವಿರುವ ಜಿಪ್ಸಂ ಎಕರೆಗೆ ಎರಡು ಕ್ವಿಂಟಾಲ್ ಹಾಕಿ, ಸಾಲಿನ ನಡುವೆ ಎಡೆಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ಸೂಜಿ ಇಳಿಯಲು ಶುರುವಾದ ಮೇಲೆ ಎಡೆಕುಂಟೆ ಹೊಲದ ಕಡೆ ತಲೆ ಹಾಕಬಾರದು. ಕೃಷಿ ಹೊಂಡದಲ್ಲಿ ಒಂದೇ ಸಲಕ್ಕಾಗುವಷ್ಟು ನೀರಿದ್ದರೆ, ಎಳೆ ಪೈರಿಗೆ ಸುರಿದು ಖಾಲಿ ಮಾಡಬೇಡಿ. ಸೂಜಿ ಇಳಿದು ಕಾಯಿ ಕಟ್ಟುವ ದಿನಗಳಿಗೆ ಇಟ್ಟುಕೊಳ್ಳಿ.

ಬೇರೆ ಎಣ್ಣೆಕಾಳುಗಳ ದಾರಿ ಬೇರೆ. ಹರಳು ಗಿಡದ ಕಾಂಡ ಮುಟ್ಟಿದರೆ ಬೆರಳಿಗೆ ಬಿಳಿ ಬೂದಿಯಂಥದ್ದು ಅಂಟುತ್ತದೆ ಅಲ್ವಾ? ಅದು ಮೇಣ, ನೀರು ಆರದಂತೆ ಕಾಯುವ ಹೊದಿಕೆ. ಒಂದು ಗೊನೆ ಒಣಗಿದರೂ ಮಳೆ ಬಂದರೆ ಇನ್ನೊಂದು ಗೊನೆ ಹಾಕುತ್ತದೆ. ಕುಸುಬೆ ಎರೆ ಹೊಲದಲ್ಲಿ ಉಳಿದ ತೇವವನ್ನೇ ಆಳದಿಂದ ಎಳೆದು ಹಿಂಗಾರು ದಾಟುತ್ತದೆ. ಎಳ್ಳು ಬರಕ್ಕಿಂತ ನಿಂತ ನೀರಿಗೆ ಹೆಚ್ಚು ಹೆದರುತ್ತದೆ. ಸೂರ್ಯಕಾಂತಿಗೆ ಬೇರು ಆಳವೇ, ಆದರೆ ಮೊಗ್ಗಿನಿಂದ ಕಾಳು ತುಂಬುವವರೆಗೆ ನೀರು ತಪ್ಪಿದರೆ ಹೂವಿನ ನಡುವೆ ಬರೀ ಜೊಳ್ಳು.

ದಾವಣಗೆರೆ ಕಡೆಯವರಿಗೆ ಒಂದು ಮಾತು. ಖುಷ್ಕಿ ಹೊಲಕ್ಕೆಲ್ಲ ಮೆಕ್ಕೆಜೋಳ ಬಂದದ್ದು ನನಗೇನೋ ಸರಿ ಕಾಣುವುದಿಲ್ಲ. ಮೆಕ್ಕೆಜೋಳ ಸೂಲಂಗಿ, ಅಂದರೆ ಹೂಗೊನೆ, ಬಿಡುವ ಕೆಲವೇ ದಿನಗಳಲ್ಲಿ ಮಳೆ ತಪ್ಪಿದರೆ ಕಥೆ ಮುಗಿಯಿತು. ಶೇಂಗಾ ವಾರಗಟ್ಟಲೆ ಹೂವು ಬಿಡುತ್ತದೆ, ಎರಡನೇ ಅವಕಾಶಕ್ಕೆ ಕಾಯುತ್ತದೆ.

ಕೊನೆಗೆ, ಕೀಳುವ ಮುಂಚಿನ ಬರ. ಕೊನೆಯ ಮೂರು ನಾಲ್ಕು ವಾರ ಮಣ್ಣು ಒಣಗಿ ಕಾದರೆ, ಕಾಯಿಯೊಳಗೆ ಹಸಿರು ಬಣ್ಣದ ಬೂಷ್ಟು ಹೊಕ್ಕು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಕಿತ್ತ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನುವಷ್ಟು ಒಣಗಿಸಿ. ಬೂಷ್ಟು ಹಿಡಿದದ್ದನ್ನು, ಸುಕ್ಕಿದ್ದನ್ನು, ಒಡೆದದ್ದನ್ನು ಬೇರೆ ಮಾಡಿ. ಹೇಗೂ ಹಾಳಾಯ್ತಲ್ಲ ಅಂತ ಅದನ್ನು ದನಕ್ಕೆ ಹಾಕಬೇಡಿ, ಹಿಂಡಿಗೂ ಸೇರಿಸಬೇಡಿ. ಹಸು ತಿಂದ ಆ ವಿಷ ಹಾಲಿನಲ್ಲಿ ಬರುತ್ತದೆ, ಆ ಹಾಲು ನಮ್ಮ ಮನೆ ಮಕ್ಕಳ ಲೋಟಕ್ಕೇ ಬರುತ್ತದೆ.

ನಮಸ್ಕಾರ.